ಒತ್ತೆಯಿಟ್ಟ ನೆಲ ಮತ್ತು ಮಹಾಯುದ್ಧ

ರಾಯಚೂರಿನವರಿಗೆ ಯುದ್ಧವೆಂದರೆ 1520. ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಇಲ್ಲಿನ ಕೋಟೆಯನ್ನು ಗೆದ್ದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಆ ಮುತ್ತಿಗೆಯಲ್ಲಿ ಪೋರ್ಚುಗೀಸ್ ಬಂದೂಕುಗಾರರು ರಾಯನ ಪರವಾಗಿ ನಿಂತಿದ್ದರೆಂಬುದು ಸ್ವಲ್ಪ ಹೆಚ್ಚು ಓದಿದವರಿಗೆ ಗೊತ್ತು. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ಸೀಮೆಯನ್ನು ಶಾಸನಗಳು ಎಡೆದೊರೆ ಎಂದವು, ಪಾರಸಿ ಬಲ್ಲವರು ದೋಆಬ್ ಎಂದರು. ಇದಕ್ಕಾಗಿ ಅರಸರು ಶತಮಾನಗಳ ಕಾಲ ಕಾದಾಡಿದರೆಂಬ ಹೆಮ್ಮೆ ನಮ್ಮಲ್ಲಿ ಇಂದಿಗೂ ಉಳಿದಿದೆ. ಆದರೆ 1914ರಿಂದ 1918ರವರೆಗೆ ನಡೆದ ಮಹಾಯುದ್ಧದ ಮಾತು ಬಂದಾಗ ಇದೇ ಸೀಮೆ, ಅದು ಯಾರದೋ ಮನೆಯ ವ್ಯಾಜ್ಯವೆಂಬಂತೆ ಸುಮ್ಮನಾಗುತ್ತದೆ. ದೇವದುರ್ಗದ ಹುಡುಗಿಯಾಗಲಿ ಮಾನ್ವಿಯ ಹುಡುಗನಾಗಲಿ ಅದನ್ನು ಓದುವುದು ಯುರೋಪಿನ ಪಾಠವಾಗಿ: ಸರಾಯೆವೊದ ಹತ್ಯೆ, ಬಣಗಳ ಪೈಪೋಟಿ, ವರ್ಸೈಲ್ಸ್ ಒಪ್ಪಂದ. ಪರೀಕ್ಷೆ ಮುಗಿದ ಮೇಲೆ ಆ ಪಾಠವೂ ಮುಗಿಯಿತು.

ಇದಕ್ಕೆ ಎದುರಾಗಿ ಇನ್ನೊಂದು ಬಗೆಯ ನೆನಪು ಇತ್ತೀಚೆಗೆ ಬಲವಾಗಿದೆ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಸೈನಿಕ ಪ್ರತಿಮೆಗಳು ಹೈದರಾಬಾದ್, ಮೈಸೂರು, ಜೋಧಪುರ ಸಂಸ್ಥಾನಗಳ ಅಶ್ವದಳಗಳನ್ನು ಪ್ರತಿನಿಧಿಸುತ್ತವೆ. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾದ ಹೆಸರು ಸೇರಿತು. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಮಷಿನ್ ಗನ್‌ಗಳಿಗೆ ಎದುರಾಗಿ ಕುದುರೆ ಓಡಿಸಿ ಆ ಬಂದರು ನಗರವನ್ನು ಗೆದ್ದದ್ದು ಸುಳ್ಳಲ್ಲ. ಅವರ ಎದೆಗಾರಿಕೆಯನ್ನು ಅಲ್ಲಗಳೆಯುವ ಉದ್ದೇಶವೂ ನನಗಿಲ್ಲ. ಆದರೆ ನಮ್ಮ ಪಾಲಿನ ಮಹಾಯುದ್ಧವೆಲ್ಲ ಒಂದು ದಿನದ ಕುದುರೆ ಸವಾರಿ ಎಂಬಂತೆ ಹೇಳಿದರೆ, ಅದು ಮರೆವಿನಷ್ಟೇ ಅಪಾಯಕಾರಿ ಎಂದು ನಾನು ತಿಳಿಯುತ್ತೇನೆ. ಆ ಯುದ್ಧದಲ್ಲಿ ರಾಯಚೂರು ಸೀಮೆಗೆ ಪಾಲಿತ್ತು. ಅದು ಕತ್ತಿಯ ಪಾಲಲ್ಲ, ಹಣದ ಪಾಲು.

ಯುದ್ಧದ ಮೂಲದ ಬಗ್ಗೆ ಇತಿಹಾಸಕಾರರು ಇನ್ನೂ ಒಮ್ಮತಕ್ಕೆ ಬಂದಿಲ್ಲ. 1914ರ ಜೂನ್ 28ರಂದು ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನೆಂಡ್‌ನನ್ನು ಗಾವ್ರಿಲೊ ಪ್ರಿನ್ಸಿಪ್ ಎಂಬ ಹತ್ತೊಂಬತ್ತರ ಯುವಕ ಗುಂಡಿಟ್ಟು ಕೊಂದ. ಅಲ್ಲಿಂದ 37 ದಿನಗಳಲ್ಲಿ, ಆಗಸ್ಟ್ 4ರ ಹೊತ್ತಿಗೆ, ಯುರೋಪಿನ ಐದು ಮಹಾಶಕ್ತಿಗಳು ಕದನಕ್ಕೆ ಇಳಿದಿದ್ದವು. ಜರ್ಮನಿಯ ಇತಿಹಾಸಕಾರ ಫ್ರಿಟ್ಜ್ ಫಿಶರ್ 1961ರಲ್ಲಿ ತನ್ನ ದೇಶದ ಮೇಲೆಯೇ ಮುಖ್ಯ ಹೊಣೆ ಹೊರಿಸಿದ. ಕ್ರಿಸ್ಟೋಫರ್ ಕ್ಲಾರ್ಕ್ 2012ರಲ್ಲಿ, ಎಲ್ಲ ರಾಜಧಾನಿಗಳೂ ನಿದ್ದೆಗಣ್ಣಿನಲ್ಲೇ ಪ್ರಪಾತದತ್ತ ನಡೆದವೆಂದು ವಾದಿಸಿದ. ಇವರಿಬ್ಬರ ನಡುವೆ ಎ.ಜೆ.ಪಿ. ಟೇಲರ್ ಮಂಡಿಸಿದ ವಾದ ರೈಲ್ವೆ ಜಂಕ್ಷನ್ನಿನ ಊರಾದ ರಾಯಚೂರಿಗೆ ಬೇಗ ಅರ್ಥವಾದೀತು: ಸೈನ್ಯವನ್ನು ಗಡಿಗೆ ಸಾಗಿಸುವ ರೈಲುಗಳ ವೇಳಾಪಟ್ಟಿ ಮೊದಲೇ ಸಿದ್ಧವಾಗಿತ್ತು, ಒಮ್ಮೆ ಗಾಡಿ ಹೊರಟ ಮೇಲೆ ನಿಲ್ಲಿಸುವ ಧೈರ್ಯ ಯಾರಿಗೂ ಇರಲಿಲ್ಲ. ಯಂತ್ರಯುಗದ ಯುದ್ಧವೆಂದರೆ ಇದೇ. ಅರಸರ ಹಟಕ್ಕೆ ಕಾರ್ಖಾನೆಯ ವೇಗ ಸೇರಿತ್ತು. ಬ್ರಿಟನ್ ಯುದ್ಧ ಸಾರಿದ ಕ್ಷಣವೇ, ಒಂದು ಮಾತನ್ನೂ ಕೇಳದೆ, ಭಾರತವೂ ಯುದ್ಧದಲ್ಲಿದೆ ಎಂದಾಯಿತು.

ಯುರೋಪಿನ ಮಟ್ಟಿಗೆ ಈ ಚರ್ಚೆ ಮುಂದುವರಿಯಲಿ. ನಮ್ಮ ಸೀಮೆಯ ಮಟ್ಟಿಗೆ ಮಹಾಯುದ್ಧದ ಬೇರನ್ನು ನಾನು ಸರಾಯೆವೊದ ಬೀದಿಯಲ್ಲಿ ಹುಡುಕುವುದಿಲ್ಲ. ಅದು 1853ರ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ರುಜುವಾದ ಒಂದು ಒತ್ತೆ ಪತ್ರದಲ್ಲಿದೆ.

ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ನಿಜಾಮನ ಖರ್ಚಿನಲ್ಲಿ ಒಂದು ಸೈನ್ಯ ಬೆಳೆದಿತ್ತು. ಸಂಬಳ ನಿಜಾಮನದು, ಅಧಿಕಾರಿಗಳು ಬ್ರಿಟಿಷರು, ಆಜ್ಞೆ ಬ್ರಿಟಿಷ್ ರೆಸಿಡೆಂಟನದು. ಇದಕ್ಕೆ ಹೈದರಾಬಾದ್ ಕಂಟಿಂಜೆಂಟ್ ಎಂದು ಹೆಸರು. ರಾಯಚೂರು ಸೀಮೆಯ ಲಿಂಗಸುಗೂರಿನಲ್ಲಿಯೂ ಅದರ ದಂಡು ಬೀಡುಬಿಟ್ಟಿತ್ತು. ಆ ಸೈನ್ಯದ ಸಂಬಳ ಬಾಕಿ ಬಿದ್ದು, ಬಾಕಿ ಸಾಲವಾಗಿ, ಸಾಲಕ್ಕೆ ಬಡ್ಡಿ ಸೇರಿ ಗುಡ್ಡವಾದಾಗ ಗವರ್ನರ್ ಜನರಲ್ ಡಾಲ್‌ಹೌಸಿ ನೆಲವನ್ನೇ ಕೇಳಿದ. ನಿಜಾಮ ನಾಸಿರುದ್ದೌಲ ಒಲ್ಲದ ಮನಸ್ಸಿನಿಂದ ಬಿಟ್ಟುಕೊಟ್ಟದ್ದು ಮೂರು ಪ್ರದೇಶಗಳನ್ನು: ಬೀರಾರ್, ಧಾರಾಶಿವ ಮತ್ತು ರಾಯಚೂರು ದೋಆಬ್. ಅಂದರೆ ಬೇಡ ಪಾಳೆಯಗಾರರ ಕೋಟೆಯಾಗಿದ್ದ ದೇವದುರ್ಗ, ಜಗನ್ನಾಥದಾಸರ ಮಾನ್ವಿ, ಇವುಗಳ ಸುತ್ತಲಿನ ಎರೆ ಹೊಲಗಳೆಲ್ಲ ಒಂದು ಸೈನ್ಯದ ಸಂಬಳಕ್ಕೆ ಒತ್ತೆ ಬಿದ್ದವು. ಆಳಿದವರು ಅನೇಕರು ಈ ನೆಲವನ್ನು ಗೆದ್ದಿದ್ದರು, ಕಳೆದುಕೊಂಡಿದ್ದರು. ಸಾಲದ ಲೆಕ್ಕಕ್ಕೆ ಹೀಗೆ ಬರೆದುಕೊಟ್ಟದ್ದು ಇದೇ ಸಲ. ಏಳು ವರ್ಷ ಇಲ್ಲಿನ ಕಂದಾಯ ಬ್ರಿಟಿಷರ ಕೈ ಸೇರಿತು. 1857ರ ದಂಗೆಯಲ್ಲಿ ನಿಜಾಮರು ತಮ್ಮ ಪರ ನಿಂತದ್ದಕ್ಕೆ ಕೃತಜ್ಞತೆಯಾಗಿ 1860ರಲ್ಲಿ ದೋಆಬನ್ನು ಮರಳಿಸಲಾಯಿತು. ಬೀರಾರ್ ಮಾತ್ರ ಮರಳಲಿಲ್ಲ. ಆ ಎಳೆಯನ್ನು ಓದುಗರು ನೆನಪಿನಲ್ಲಿಡಬೇಕು, ಅದು ಮತ್ತೆ ಬರುತ್ತದೆ.

ಆ ಸೈನ್ಯ ಏನಾಯಿತು? 1903ರಲ್ಲಿ ಅದನ್ನು ಬ್ರಿಟಿಷ್ ಭಾರತೀಯ ಸೇನೆಯಲ್ಲಿ ವಿಲೀನಗೊಳಿಸಲಾಯಿತು. ಅದರ ಅಶ್ವದಳಗಳಲ್ಲಿ ಒಂದಕ್ಕೆ 20ನೇ ಡೆಕ್ಕನ್ ಹಾರ್ಸ್ ಎಂಬ ಹೊಸ ಹೆಸರು ಬಂತು. (ಇದೇ ದಳ ಸ್ವತಂತ್ರ ಭಾರತದ ಸೇನೆಯಲ್ಲಿ ಟ್ಯಾಂಕ್ ದಳವಾಗಿ ಉಳಿದು, 1965ರಲ್ಲಿ ಅಸಲ್ ಉತ್ತರ್ ಕದನದಲ್ಲಿ ಹೋರಾಡಿತು.) 1914ರ ಶರತ್ಕಾಲದಲ್ಲಿ ಡೆಕ್ಕನ್ ಹಾರ್ಸ್ ಫ್ರಾನ್ಸಿಗೆ ಹೋಯಿತು. ಅದು ಸೇರಿದ್ದ ಬ್ರಿಗೇಡಿನ ಹೆಸರು ಸಿಕಂದರಾಬಾದ್ ಬ್ರಿಗೇಡ್. ದಖನ್ನಿನ ಒಂದು ದಂಡಿನ ಹೆಸರು ಹೀಗೆ ಫ್ಲಾಂಡರ್ಸಿನ ಕೆಸರಿಗೆ ಇಳಿಯಿತು.

ಇಳಿಯಿತು ಎಂಬುದು ಬರಿಯ ಅಲಂಕಾರದ ಮಾತಲ್ಲ. ಆ ಡಿಸೆಂಬರಿನಲ್ಲೇ ಸವಾರರು ಕುದುರೆಗಳನ್ನು ಹಿಂದೆ ಬಿಟ್ಟು, ಕಾಲಾಳುಗಳಂತೆ ಕಂದಕಕ್ಕೆ ಇಳಿಯಬೇಕಾಯಿತು. ಯುರೋಪಿನ ಆ ಚಳಿಗಾಲವನ್ನು ನಮ್ಮವರು ಕಂಡವರಲ್ಲ. ಮೊದಲು ಹೋದ ಭಾರತೀಯ ಪಡೆಗಳಿಗೆ ಸರಿಯಾದ ಉಣ್ಣೆಯ ಬಟ್ಟೆಯೂ ಇರಲಿಲ್ಲ. ಕಂದಕವೆಂದರೆ ಆಳೆತ್ತರದ ಕಾಲುವೆ. ಅದರಲ್ಲಿ ಮೊಣಕಾಲಿನವರೆಗೆ ಮಂಜುಗಡ್ಡೆಯಂಥ ನೀರು, ಕೊಳೆಯುವ ಪಾದಗಳು, ಹೆಣಗಳ ನಡುವೆ ಓಡಾಡುವ ಇಲಿಗಳು, ಮೈತುಂಬ ಹೇನು. ಎದುರಿನ ಕಂದಕ ಕೆಲವೆಡೆ ನೂರು ಗಜವೂ ದೂರವಿಲ್ಲ. ತಲೆ ಎತ್ತಿದವನು ಗುಂಡಿಗೆ ಸಿಕ್ಕಿದ. ತಲೆ ತಗ್ಗಿಸಿದವನ ಮೇಲೆ ಆಕಾಶದಿಂದ ಫಿರಂಗಿಯ ಗುಂಡು ಬಿತ್ತು. ಶತ್ರುವಿನ ಮುಖ ನೋಡದೆಯೇ ಸಾಯುವುದು ಸಾಮಾನ್ಯವಾಯಿತು. 1915ರ ಏಪ್ರಿಲ್‌ನಲ್ಲಿ ಈಪ್ರ ಬಳಿ ಜರ್ಮನರು ಕ್ಲೋರಿನ್ ವಿಷಾನಿಲ ಬಿಟ್ಟಾಗ, ಅದನ್ನು ಎದುರಿಸಲು ನುಗ್ಗಿಸಿದ ಪಡೆಗಳಲ್ಲಿ ಭಾರತದ ಲಾಹೋರ್ ಡಿವಿಷನ್ ಇತ್ತು. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದಷ್ಟೇ ಆಗ ಇದ್ದ ರಕ್ಷಣೆ.

ಡೆಕ್ಕನ್ ಹಾರ್ಸ್‌ನ ಹೆಸರು ಯುದ್ಧದ ಚರಿತ್ರೆಗಳಲ್ಲಿ ಬರುವುದು 1916ರ ಜುಲೈ 14ರ ದಿನಕ್ಕಾಗಿ. ಎರಡು ವಾರ ಮೊದಲು, ಜುಲೈ 1ರಂದು, ಸೋಮ್ ನದಿಯ ಬಳಿ ಬ್ರಿಟಿಷ್ ದಾಳಿ ಆರಂಭವಾಗಿತ್ತು. ಅದಕ್ಕೆ ಮುನ್ನ ಒಂದು ವಾರದಲ್ಲಿ 15 ಲಕ್ಷಕ್ಕೂ ಹೆಚ್ಚು ಫಿರಂಗಿ ಗುಂಡುಗಳನ್ನು ಹಾರಿಸಲಾಗಿತ್ತು. ಆದರೂ ಜರ್ಮನರ ಮುಳ್ಳುತಂತಿ ಬಹಳ ಕಡೆ ಹರಿದಿರಲಿಲ್ಲ, ನೆಲದೊಳಗಿನ ಅವರ ಮಷಿನ್ ಗನ್ ತಂಡಗಳು ಸತ್ತಿರಲಿಲ್ಲ. ಮೊದಲ ದಿನವೇ ಬ್ರಿಟಿಷ್ ಸೇನೆಯಲ್ಲಿ ಸತ್ತವರು 19,240. ಗಾಯಗೊಂಡವರು ಮತ್ತು ಕಾಣೆಯಾದವರು ಸೇರಿದರೆ 57,470. ಹಾಗಿದ್ದರೂ ಸೇನಾಪತಿಗಳ ತಲೆಯಲ್ಲಿ ಒಂದು ಹಳೆಯ ಕನಸಿತ್ತು: ಕಾಲಾಳುಗಳು ಶತ್ರುವಿನ ಸಾಲಿನಲ್ಲಿ ಬಿರುಕು ಮಾಡುತ್ತಾರೆ, ಆ ಬಿರುಕಿನಲ್ಲಿ ಅಶ್ವದಳ ನುಗ್ಗುತ್ತದೆ. ಅದಕ್ಕಾಗಿ ಸಾವಿರಾರು ಕುದುರೆಗಳನ್ನು ತಿಂಗಳುಗಟ್ಟಲೆ ಮೇವು ಹಾಕಿ ಕಾಯಿಸಲಾಗಿತ್ತು.

ಜುಲೈ 14ರ ಮುಂಜಾವಿನ ದಾಳಿ ಯಶಸ್ವಿಯಾಯಿತು. ಹೈವುಡ್ ಎಂಬ ಕಾಡಿನ ದಾರಿ ತೆರೆದಂತೆ ಕಂಡಿತು. ಅಶ್ವದಳಕ್ಕೆ ಬೆಳಿಗ್ಗೆಯೇ ಆಜ್ಞೆ ಹೋಯಿತು. ಗುಂಡಿಬಿದ್ದ ನೆಲ, ಕಂದಕ, ಜಾರುವ ಕೆಸರು ದಾಟಿ ಅವರು ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಸುಮಾರು ಏಳು ಗಂಟೆಗೆ ಡೆಕ್ಕನ್ ಹಾರ್ಸ್ ಮತ್ತು ಬ್ರಿಟಿಷರ 7ನೇ ಡ್ರಾಗೂನ್ ಗಾರ್ಡ್ಸ್ ದಳಗಳು ನಿಂತ ಪೈರಿನ ನಡುವೆ ಈಟಿ ಹಿಡಿದು ಮುನ್ನುಗ್ಗಿದವು. ಪೈರಿನಲ್ಲಿ ಅಡಗಿದ್ದ ಕೆಲವು ಜರ್ಮನರನ್ನು ಇರಿದರು, ಕೆಲವರನ್ನು ಸೆರೆ ಹಿಡಿದರು. ಅಷ್ಟರಲ್ಲಿ ಕತ್ತಲಾಯಿತು, ಮಷಿನ್ ಗನ್‌ಗಳು ಎಚ್ಚರಗೊಂಡಿದ್ದವು. ಸವಾರರು ಕುದುರೆಯಿಂದ ಇಳಿದು ಮತ್ತೆ ನೆಲ ತೋಡಿ ಕುಳಿತರು. ಬೆಳಗಾಗುವ ಮುನ್ನ ಹಿಂದಕ್ಕೆ ಬರುವಂತೆ ಅವರಿಗೆ ಆಜ್ಞೆಯಾಯಿತು. ಅಂದು ಸಂಜೆ ಕೈಗೆಟುಕುವಂತಿದ್ದ ಹೈವುಡ್ ಬ್ರಿಟಿಷರಿಗೆ ದಕ್ಕಿದ್ದು ಸೆಪ್ಟೆಂಬರ್ 15ರಂದು, ಎರಡು ತಿಂಗಳ ನರಮೇಧದ ನಂತರ. ನವೆಂಬರಿನಲ್ಲಿ ಸೋಮ್ ಕದನ ನಿಲ್ಲುವ ಹೊತ್ತಿಗೆ ಬ್ರಿಟಿಷ್ ಸಾಮ್ರಾಜ್ಯದ ಸೇನೆಯ ಸಾವುನೋವು 4 ಲಕ್ಷವನ್ನು ದಾಟಿತ್ತು. ಮುಂದೆ ಸರಿದ ನೆಲ ಏಳೆಂಟು ಮೈಲಿಯಷ್ಟೂ ಇರಲಿಲ್ಲ. ಆ ಸಂಜೆಯ ಸವಾರಿಯ ಬಗ್ಗೆ ಇಂಗ್ಲಿಷಿನಲ್ಲಿ ರಮ್ಯವಾಗಿ ಬರೆದವರುಂಟು. ಈಟಿ ಹಿಡಿದವನನ್ನು ಯಂತ್ರದ ಎದುರಿಗೆ ಕಳುಹಿಸಿದ ಯೋಜನೆಯಲ್ಲಿ ನನಗೆ ರಮ್ಯವಾದದ್ದೇನೂ ಕಾಣಿಸುವುದಿಲ್ಲ.

ಡೆಕ್ಕನ್ ಎಂಬ ಹೆಸರಿದ್ದ ಮಾತ್ರಕ್ಕೆ ಅದರ ಸವಾರರೆಲ್ಲ ನಮ್ಮ ಊರಿನವರೆಂದು ಭಾವಿಸುವಂತಿಲ್ಲ. ದಖನಿ ಮುಸ್ಲಿಮರ ಜೊತೆಗೆ ಸಿಖ್ಖರು, ಜಾಟರು ಆ ದಳದಲ್ಲಿದ್ದರು. ಕೆಲವು ಜಾತಿ, ಕೆಲವು ಸೀಮೆಯವರು ಮಾತ್ರ ಹುಟ್ಟು ಯೋಧರೆಂಬ ಸಿದ್ಧಾಂತ ಬ್ರಿಟಿಷ್ ಸೇನೆಯಲ್ಲಿ ಬೇರೂರಿತ್ತು. ಆ ಪಟ್ಟಿಯಲ್ಲಿ ದಕ್ಷಿಣದ ಒಕ್ಕಲಿಗನಿಗೆ ಸ್ಥಾನ ಕಡಿಮೆ. 1705ರಲ್ಲಿ ವಾಗಿನಗೇರಿಯಲ್ಲಿ ಔರಂಗಜೇಬನಂಥ ಔರಂಗಜೇಬನನ್ನೇ ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ ಬೇಡ ಪಡೆಯ ನಾಡು ಇದು ಎಂಬುದು ಆ ಸಿದ್ಧಾಂತಿಗಳಿಗೆ ನೆನಪಿರಲಿಲ್ಲ, ಅಥವಾ ಚೆನ್ನಾಗಿಯೇ ನೆನಪಿತ್ತು. ಯಾರ ಊರಿನವರೇ ಆಗಲಿ, ಫ್ರಾನ್ಸಿನಿಂದ ಸೈನಿಕರು ಬರೆದ ಪತ್ರಗಳನ್ನು ಬ್ರಿಟಿಷ್ ಅಧಿಕಾರಿಗಳು ತೆರೆದು ಓದುತ್ತಿದ್ದರು. ಆ ಕಾರಣಕ್ಕೆ ಅವರು ಕರಿಮೆಣಸು ಮುಗಿಯುತ್ತ ಬಂದಿದೆ, ಕೆಂಪು ಮೆಣಸು ಇನ್ನೂ ಉಳಿದಿದೆ ಎಂಬಂಥ ಒಗಟಿನ ಮಾತುಗಳಲ್ಲಿ ಊರಿಗೆ ಸುದ್ದಿ ಮುಟ್ಟಿಸಲು ನೋಡಿದರು. ಕರಿಮೆಣಸು ಯಾರು, ಕೆಂಪು ಮೆಣಸು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಈ ಪತ್ರಗಳ ಭಾಷಾಂತರ ಉಳಿದದ್ದು, ಅವನ್ನು ಓದಿದ ಅಧಿಕಾರಿಗಳ ವರದಿಗಳಲ್ಲಿ. ಇಡೀ ಯುದ್ಧದಲ್ಲಿ 10 ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರದಾಚೆ ಹೋದರು, ಸುಮಾರು 74,000 ಮಂದಿ ಸತ್ತರು.

ಈಗ ಹಣದ ಮಾತು. 1914ರ ನವೆಂಬರಿನಲ್ಲಿ ತುರ್ಕಿ ಯುದ್ಧಕ್ಕಿಳಿದು, ಖಲೀಫನ ಹೆಸರಿನಲ್ಲಿ ಬ್ರಿಟಿಷರ ವಿರುದ್ಧ ಧರ್ಮಯುದ್ಧದ ಕರೆ ಹೊರಟಾಗ, ಲಂಡನ್ನಿಗೆ ಹೆಚ್ಚು ಬೇಕಾದವರು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ಅವರು ಬ್ರಿಟಿಷರಿಗೆ ನಿಷ್ಠರಾಗಿರಬೇಕೆಂದು ತಮ್ಮ ಮುಸ್ಲಿಂ ಪ್ರಜೆಗಳಿಗೆ ಫರ್ಮಾನು ಹೊರಡಿಸಿದರು. ತಮ್ಮದೇ ಅಶ್ವದಳವನ್ನು ಸೂಯೆಜ್ ಕಾಲುವೆಯ ರಕ್ಷಣೆಗೆ ಕಳುಹಿಸಿದರು. ಆ ದಳ ಮತ್ತು ಡೆಕ್ಕನ್ ಹಾರ್ಸ್‌ನ ವೆಚ್ಚಕ್ಕೆಂದು 60 ಲಕ್ಷ ರೂಪಾಯಿ ಕೊಟ್ಟರು. ಜರ್ಮನ್ ಜಲಾಂತರ್ಗಾಮಿಗಳ ವಿರುದ್ಧದ ಕಾರ್ಯಾಚರಣೆಗೆ 1 ಲಕ್ಷ ಪೌಂಡ್ ಕೊಟ್ಟರು. 1918ರಲ್ಲಿ ಬ್ರಿಟಿಷ್ ವಾಯುಪಡೆಯ 110ನೇ ಸ್ಕ್ವಾಡ್ರನ್ನಿಗೆ ವಿಮಾನಗಳನ್ನೇ ಕೊಡಿಸಿದರು. ಅದು ಹೈದರಾಬಾದ್ ಸ್ಕ್ವಾಡ್ರನ್ ಎಂದೇ ಹೆಸರಾಯಿತು. ಪ್ರತಿ ವಿಮಾನದ ಮೇಲೂ ಇದು ನಿಜಾಮರ ಕೊಡುಗೆ ಎಂಬ ಬರಹವಿತ್ತು. ಆ ಶರತ್ಕಾಲದಲ್ಲಿ ಅವು ಜರ್ಮನಿಯ ನಗರಗಳ ಮೇಲೆ ಬಾಂಬು ಹಾಕಿದವು, ಹಲವು ಮರಳಿ ಬರಲಿಲ್ಲ. ಈ ಹಣ ದಿವಾನಿ ಖಜಾನೆಯದೋ, ನಿಜಾಮರ ಖಾಸಗಿ ಆಸ್ತಿಯಾದ ಸರ್ಫ್-ಎ-ಖಾಸ್‌ನದೋ ಎಂಬ ತರ್ಕ ಎತ್ತುವವರಿದ್ದಾರೆ. ಎರಡರ ಬೇರೂ ಉತ್ತಿಬಿತ್ತುವವನ ಹೊಲದಲ್ಲಿಯೇ ಇತ್ತು. ಎತ್ತು ಮಾರಿ ಕಂದಾಯ ಕಟ್ಟಿದ ಮಾನ್ವಿಯ ರೈತನಿಗೆ ಫ್ರಾಂಕ್‌ಫರ್ಟ್ ಎಂಬ ಊರಿದೆ ಎಂದಾದರೂ ಗೊತ್ತಿತ್ತೇ?

ಅವನಿಗೆ ಯುದ್ಧ ಗೊತ್ತಾದದ್ದು ಬೇರೆ ದಾರಿಗಳಲ್ಲಿ. ದಖನ್ನಿನ ಗಿಡ್ಡ ಎಳೆಯ ಹತ್ತಿಗೆ ಜರ್ಮನಿ ದೊಡ್ಡ ಗಿರಾಕಿಯಾಗಿತ್ತು. 1914ರ ಸುಗ್ಗಿಯ ಹೊತ್ತಿಗೆ ಆ ಮಾರುಕಟ್ಟೆ ಮುಚ್ಚಿ ಹತ್ತಿಯ ಬೆಲೆ ಕುಸಿಯಿತು. ಮುಂದೆ ಬೆಲೆ ಏರಿತು ನಿಜ, ಆದರೆ ಅದಕ್ಕಿಂತ ಬಿರುಸಾಗಿ ಏರಿದ್ದು ಬಟ್ಟೆ, ಸೀಮೆಎಣ್ಣೆ, ಕಾಳುಕಡಿಯ ದರ. 1918ರಲ್ಲಿ ಬಟ್ಟೆಯ ಬೆಲೆ ಬಡವರ ಕೈಮೀರಿ, ಅಗ್ಗದ ಬಟ್ಟೆಯನ್ನು ನಿಗದಿತ ದರಕ್ಕೆ ಮಾರಿಸಲು ಬ್ರಿಟಿಷ್ ಸರ್ಕಾರ ಕಾನೂನನ್ನೇ ತರಬೇಕಾಯಿತು. ಯುದ್ಧ ಬೆಳ್ಳಿಯನ್ನೂ ನುಂಗಿತು. ನಾಣ್ಯಕ್ಕೆ ಬೆಳ್ಳಿ ಸಾಲದೆ ಬ್ರಿಟಿಷ್ ಭಾರತದಲ್ಲಿ 1917ರಲ್ಲಿ ಒಂದು ರೂಪಾಯಿಯ ನೋಟು ಬಂತು, ಹೈದರಾಬಾದಿನಲ್ಲಿ 1918ರ ಕಾಯಿದೆಯ ಪ್ರಕಾರ ಉಸ್ಮಾನಿಯಾ ಸಿಕ್ಕಾದ ಕಾಗದದ ಹಣ ಬಂತು. ಆ ನೋಟಿನಲ್ಲಿ ಉರ್ದು, ಮರಾಠಿ, ತೆಲುಗುಗಳ ಜೊತೆ ಕನ್ನಡದ ಅಕ್ಷರಗಳೂ ಇದ್ದವು. ಬೆಳ್ಳಿಯ ಹಾಲಿ ಸಿಕ್ಕಾವನ್ನು ಕಲ್ಲಿಗೆ ಬಡಿದು ಸದ್ದು ಕೇಳಿ ನಂಬುತ್ತಿದ್ದವರ ಕೈಗೆ, ಸದ್ದೇ ಇಲ್ಲದ ಹಣ ಬಂತು. ಮಹಾಯುದ್ಧ ನಮ್ಮ ಸೀಮೆಗೆ ಕನ್ನಡದಲ್ಲಿ ಬರೆದ ಪತ್ರವೆಂದರೆ ಇದೇ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಕೊನೆಗೆ ಬಂದದ್ದು ಜ್ವರ. 1918ರ ಜೂನ್‌ನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಇನ್‌ಫ್ಲೂಯೆಂಜಾ ಸೆಪ್ಟೆಂಬರಿನಲ್ಲಿ ಮತ್ತೆ, ಇನ್ನಷ್ಟು ಘೋರವಾಗಿ ಎರಗಿತು. ಸೈನಿಕರನ್ನು, ಸರಕನ್ನು ಒಯ್ದ ಹಡಗು, ರೈಲುಗಳ ದಾರಿಯಲ್ಲಿಯೇ ಅದೂ ಹರಡಿತು. ಮುಂಬಯಿಯ ರೈಲೂ ಮದ್ರಾಸಿನ ರೈಲೂ 1871ರಲ್ಲಿ ಕೂಡಿದ ಜಾಗ ರಾಯಚೂರು. ಮರಾಠಿ ಸೀಮೆಯವರು ಆ ಬೇನೆಯನ್ನು ಮಾನಮೋಡಿ, ಅಂದರೆ ಕತ್ತು ಮುರಿಯುವುದು, ಎಂದು ಕರೆದರು. ಅದೇ ವರ್ಷ ಮಳೆಯೂ ಕೈಕೊಟ್ಟಿತು. ಹೊಟ್ಟೆಗಿಲ್ಲದ ಮೈಗೆ ಜ್ವರ ಬಂದರೆ ಏನಾಗುತ್ತದೆಂಬುದನ್ನು ಜನಗಣತಿ ಹೇಳುತ್ತದೆ. ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 1 ಕೋಟಿ 33 ಲಕ್ಷ; 1921ರಲ್ಲಿ ಸುಮಾರು 1 ಕೋಟಿ 24 ಲಕ್ಷ. ಹತ್ತು ವರ್ಷದಲ್ಲಿ ಏರಬೇಕಾದದ್ದು ಏರಲಿಲ್ಲ ಎಂಬುದಷ್ಟೇ ಅಲ್ಲ, ಇದ್ದವರಲ್ಲೇ 9 ಲಕ್ಷ ಕಡಿಮೆಯಾದರು. ಎಲ್ಲವನ್ನೂ ಯುದ್ಧದ ಲೆಕ್ಕಕ್ಕೆ ಹಾಕುವುದು ಸರಿಯಲ್ಲ, ಪ್ಲೇಗು ಇತ್ತು, ಬರವಿತ್ತು. ಆದರೆ ಯುದ್ಧದ ಸಾವಿನ ಲೆಕ್ಕವನ್ನು ಕಂದಕದಲ್ಲಿ ಬಿದ್ದವರಿಗಷ್ಟೇ ನಿಲ್ಲಿಸುವುದೂ ಸರಿಯಲ್ಲ. ಪಂಜಾಬಿನ ಹಳ್ಳಿಗಳಲ್ಲಿ ಈ ಊರಿನಿಂದ ಇಷ್ಟು ಮಂದಿ ಮಹಾಯುದ್ಧಕ್ಕೆ ಹೋದರು ಎಂಬ ಕಲ್ಲುಗಳಿವೆ. ಜ್ವರದಲ್ಲಿ ಮನೆಗೆ ಮನೆಯೇ ಬಾಗಿಲು ಹಾಕಿಕೊಂಡ ಹಳ್ಳಿಗಳಿಗೆ ಯಾರು ಕಲ್ಲು ನೆಟ್ಟರು?

ಕೊಟ್ಟವರಿಗೆ ಸಿಕ್ಕಿದ್ದೇನು? ನಿಜಾಮರಿಗೆ 1918ರ ಜನವರಿಯಲ್ಲಿ ‘ಹಿಸ್ ಎಕ್ಸಾಲ್ಟೆಡ್ ಹೈನೆಸ್’ ಎಂಬ, ಬೇರಾವ ಸಂಸ್ಥಾನಿಕನಿಗೂ ಇಲ್ಲದ ಪದವಿ ಸಿಕ್ಕಿತು. ಬ್ರಿಟಿಷ್ ಸರ್ಕಾರದ ನಂಬಿಕಸ್ಥ ಮಿತ್ರ ಎಂಬ ಬಿರುದು ಸಿಕ್ಕಿತು. ಆ ಧೈರ್ಯದಲ್ಲಿ ಅವರು 1923ರಲ್ಲಿ ಬೀರಾರನ್ನು ಮರಳಿ ಕೇಳಿದರು. 1853ರಲ್ಲಿ ನಮ್ಮ ದೋಆಬಿನ ಜೊತೆಗೇ ಒತ್ತೆ ಬಿದ್ದು, 1902ರಲ್ಲಿ ಶಾಶ್ವತ ಗುತ್ತಿಗೆಯಾಗಿ ಕೈಬಿಟ್ಟುಹೋಗಿದ್ದ ನೆಲ ಅದು. 1926ರಲ್ಲಿ ವೈಸರಾಯ್ ಲಾರ್ಡ್ ರೀಡಿಂಗ್ ಕೊಟ್ಟ ಉತ್ತರ ಸಂಸ್ಥಾನಗಳ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಬ್ರಿಟಿಷ್ ಸಾರ್ವಭೌಮತ್ವ ಎಲ್ಲ ಒಪ್ಪಂದಗಳಿಗಿಂತ ಮೇಲಿನದು, ಯಾವ ಅರಸನೂ ಅದರೊಡನೆ ಸರಿಸಮನಾಗಿ ಮಾತಾಡುವಂತಿಲ್ಲ ಎಂಬುದು ಅದರ ತಾತ್ಪರ್ಯ. ಮಿತ್ರ ಎಂದು ಬಿರುದು ಕೊಟ್ಟವರು, ಮಿತ್ರನಲ್ಲ, ಅಧೀನ ಎಂದು ಎಂಟು ವರ್ಷಗಳಲ್ಲಿ ತಿಳಿಸಿಕೊಟ್ಟರು. ದೋಆಬಿನ ರೈತನಿಗಂತೂ ತಿಳಿಸಿ ಹೇಳುವ ಅಗತ್ಯವೂ ಯಾರಿಗೂ ಕಾಣಲಿಲ್ಲ.

ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದು ಶಿಲೆಯಿದೆ. 1294ರಲ್ಲಿ ಕೋಟೆ ಕಟ್ಟಿಸಿದ ದಂಡನಾಯಕನ ಹೆಸರು ಅದರ ಶಾಸನದಲ್ಲಿದೆ. ಅಷ್ಟೇ ಆಗಿದ್ದರೆ ಅದು ಸಾವಿರದಲ್ಲಿ ಒಂದು ಶಾಸನವಾಗುತ್ತಿತ್ತು. ಆದರೆ ಆ ಬಂಡೆಯನ್ನು ಗಾಡಿಯ ಮೇಲೆ ಎಳೆದು ತರುವ ಕೋಣಗಳ ಸಾಲನ್ನೂ, ಚಕ್ರಕ್ಕೆ ಮೀಟುಗೋಲು ಕೊಟ್ಟು ನೂಕುವ ಆಳುಗಳನ್ನೂ ಅಲ್ಲಿ ಕೊರೆದಿದ್ದಾರೆ. ಕಟ್ಟಿಸಿದವನ ಜೊತೆ ಹೊತ್ತವರನ್ನೂ ನೆನೆಯುವ ಈ ರೀತಿ ಏಳು ಶತಮಾನದ ಹಿಂದೆ ಈ ಊರಿಗೆ ಗೊತ್ತಿತ್ತು. ಮಹಾಯುದ್ಧದ ನಮ್ಮ ನೆನಪಿಗೆ ನಾನು ಕೇಳುವುದು ಇಷ್ಟನ್ನೇ.

ಇದು ಹಳೆಯ ಲೆಕ್ಕ ಕೆದಕುವ ಚಪಲವಲ್ಲ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಕೆಲವೇ ವಾರಗಳಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ನಮ್ಮ ಅಡುಗೆಮನೆಗಳಲ್ಲಿ ಏರಿತು, ಜಗತ್ತಿನ ಮಾರುಕಟ್ಟೆಯಲ್ಲಿ ರಸಗೊಬ್ಬರ ದುಬಾರಿಯಾಯಿತು. ಹಾಗಿದ್ದೂ ಟೀವಿಯ ಮುಂದೆ ಕುಳಿತು ಯುದ್ಧವನ್ನು ಕ್ರಿಕೆಟ್ಟಿನಂತೆ ನೋಡುವ, ನಮ್ಮವರೂ ಒಂದು ಕೈ ನೋಡಲಿ ಎನ್ನುವ ಚಟ ನಮ್ಮಂಥ ಓದಿದವರಲ್ಲಿಯೇ ಹೆಚ್ಚು.

ನಿಜಾಮರ ಕಾಲದ ಕಂದಾಯ, ಹಣಕಾಸು ಕಡತಗಳು ಹೈದರಾಬಾದಿನ ರಾಜ್ಯ ಪತ್ರಾಗಾರದಲ್ಲಿವೆ, ಬಹುಪಾಲು ಉರ್ದುವಿನಲ್ಲಿ. 1914ರಿಂದ 1921ರವರೆಗೆ ದೇವದುರ್ಗ, ಮಾನ್ವಿ ತಾಲ್ಲೂಕುಗಳಲ್ಲಿ ಎಷ್ಟು ವಸೂಲಾಯಿತು, ಯುದ್ಧನಿಧಿಗೆಂದು ಯಾರಿಂದ ಏನು ಬಂತು, ಜ್ವರದ ವರ್ಷ ಯಾವ ಹಳ್ಳಿಯಲ್ಲಿ ಹೊಲ ಬೀಳು ಬಿತ್ತು ಎಂಬುದನ್ನು ಹುಡುಕಬೇಕಾದ ಜಾಗ ಅದು. ರಾಯಚೂರಿನಲ್ಲಿ ಈಗ ವಿಶ್ವವಿದ್ಯಾಲಯವಿದೆ, ಸಂಶೋಧನೆಗೆ ವಿಷಯ ಸಿಗುತ್ತಿಲ್ಲವೆನ್ನುವ ವಿದ್ಯಾರ್ಥಿಗಳಿದ್ದಾರೆ. ಮನೆಯಲ್ಲಿ ಉರ್ದು ಕಲಿತು ಶಾಲೆಯಲ್ಲಿ ಕನ್ನಡ ಕಲಿತ ಮಕ್ಕಳಿಗಂತೂ ಈ ಊರಿನಲ್ಲಿ ಕೊರತೆಯಿಲ್ಲ. ಅವರಲ್ಲಿ ನಾಲ್ವರನ್ನು ಆರಿಸಿ, ಎರಡು ವರ್ಷದ ವಿದ್ಯಾರ್ಥಿವೇತನ ಮತ್ತು ಹೈದರಾಬಾದಿನ ರೈಲು ಖರ್ಚು ಕೊಟ್ಟರೆ ಕೆಲಸ ಆರಂಭವಾಗುತ್ತದೆ.